ನೀರಿನ ಟ್ಯಾಂಕರ್ ನೋಡಿ ಅಂತರಿಕ್ಷ ನೌಕೆ ಕಟ್ಟುವುದು: ಹವ್ಯಾಸಿ ಆನಿಮೇಟರ್‌ಗೆ ಮಾರ್ಗದರ್ಶಿ

ಬೇಸಿಗೆಯಲ್ಲಿ ನಿಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಾಗ ಐದು ನಿಮಿಷ ಹೊರಗೆ ನಿಂತು ಅದರ ಹಿಂಭಾಗವನ್ನು ನೋಡಿ. ಕವಾಟದ ಸುತ್ತ ಅಂಗೈಯಗಲ ತುಕ್ಕು. ಅಲ್ಲಿಂದ ಕೆಳಕ್ಕೆ ನೀರು ಇಳಿದ ಜಾಡು, ಜಾಡಿನ ಎರಡೂ ಅಂಚಿಗೆ ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಬಿಳಿಯ ಗೆರೆ. ಏಣಿಯ ಮೆಟ್ಟಿಲುಗಳಲ್ಲಿ ನಡುಭಾಗ ಮಾತ್ರ ಬಣ್ಣ ಕಳೆದುಕೊಂಡು ಹೊಳೆಯುತ್ತಿರುತ್ತದೆ, ಕಾಲಿಡುವುದು ಅಲ್ಲೇ. ‘ಕುಡಿಯುವ ನೀರು’ ಎಂಬ ಬರಹದಲ್ಲಿ ಒಂದೆರಡು ಅಕ್ಷರ ಅಳಿಸಿರುತ್ತದೆ, ಏಕೆಂದರೆ ದಿನವೂ ಸುತ್ತಿಟ್ಟ ಪೈಪು ಅದಕ್ಕೆ ಉಜ್ಜುತ್ತದೆ. ಆ ತಗಡಿನ ಮೇಲೆ ಕಾರಣವಿಲ್ಲದ ಗುರುತು ಒಂದೂ ಇಲ್ಲ.

ಹವ್ಯಾಸಿಗಳು ಮಾಡುವ ಅಂತರಿಕ್ಷ ನೌಕೆಗಳು ಸೋಲುವುದು ಬಹುತೇಕ ಇಲ್ಲೇ. ಆಕಾರ ಚೆನ್ನಾಗಿರುತ್ತದೆ, ಬೆಳಕು ಚೆನ್ನಾಗಿರುತ್ತದೆ, ಆದರೆ ಮೈಮೇಲಿನ ಗೆರೆ, ಗೀರು, ಕೊಳೆ ಯಾವುದಕ್ಕೂ ಕಾರಣ ಇರುವುದಿಲ್ಲ. ನೋಡುವವನಿಗೆ ತಪ್ಪು ಯಾವುದೆಂದು ಹೇಳಲು ಬಾರದಿದ್ದರೂ ಕಣ್ಣು ನಂಬುವುದಿಲ್ಲ. ಈ ಬರಹದಲ್ಲಿ ಒಂದು ನೌಕೆಯನ್ನು ಮೊದಲಿನಿಂದ ಕಟ್ಟಿ, ಮೈಗೆ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಹಾಕಿ, ಚಲಿಸುವ ದೃಶ್ಯವಾಗಿಸುವವರೆಗಿನ ಹೆಜ್ಜೆಗಳನ್ನು ಬರೆದಿದ್ದೇನೆ. ಬಳಸಿರುವುದು ಬ್ಲೆಂಡರ್ ಎಂಬ ಮೂರು ಆಯಾಮದ ಆನಿಮೇಷನ್ ತಂತ್ರಾಂಶ. 2002ರಲ್ಲಿ ಮುಕ್ತ ತಂತ್ರಾಂಶವಾದ ಇದಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಜೊತೆಗೆ ಚಿತ್ರಕ್ಕೆ ಕ್ರಿಟಾ, ಅಕ್ಷರಕ್ಕೆ ಇಂಕ್‌ಸ್ಕೇಪ್, ಇವೂ ಉಚಿತ.

ಮೊದಲು ಒಂದು ಹಾಳೆ, ಒಂದು ಪೆನ್ನು

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಹಡಗಿನ ಕೆಲಸ ಏನು? ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಒಳಗೆ ಎಷ್ಟು ಜನ? ಎಷ್ಟು ವರ್ಷ ಹಳೆಯದು? ಕೆಟ್ಟರೆ ಯಾರು, ಎಲ್ಲಿ ನಿಂತು ರಿಪೇರಿ ಮಾಡುತ್ತಾರೆ? ಈ ಹಾಳೆಯನ್ನು ಮಾನಿಟರಿನ ಪಕ್ಕ ಅಂಟಿಸಿ. ಮುಂದೆ ನೂರು ಸಲ ಬೇಕಾಗುತ್ತದೆ.

ನನ್ನ ಹಾಳೆ ಹೀಗಿದೆ. ಹಡಗು ನೀರು ಸಾಗಿಸುತ್ತದೆ. ಮಂಗಳ ಮತ್ತು ಗುರುವಿನ ನಡುವೆ ಇರುವ ಸಿರಿಸ್ ಎಂಬ ಕುಬ್ಜಗ್ರಹದಿಂದ ಮಂಜುಗಡ್ಡೆ ತುಂಬಿಕೊಂಡು ಭೂಕಕ್ಷೆಗೆ ಬರುತ್ತದೆ. ಸಿರಿಸ್‌ನಲ್ಲಿ ಮಂಜುಗಡ್ಡೆ ಇರುವುದು ಕಲ್ಪನೆಯಲ್ಲ. ನಾಸಾದ ಡಾನ್ ನೌಕೆ 2015ರಿಂದ ಅದನ್ನು ಸುತ್ತುತ್ತಾ ಇದನ್ನು ತೋರಿಸಿಕೊಟ್ಟಿತು. ಸಿಬ್ಬಂದಿ ಆರು ಜನ. ಹಡಗಿಗೆ ಮೂವತ್ತು ವರ್ಷ. ಹೆಸರು ಅರ್ಕಾವತಿ. ಕಾವೇರಿ ಬರುವ ಮೊದಲು ಬೆಂಗಳೂರಿಗೆ ನೀರು ಕೊಟ್ಟದ್ದು ಈ ನದಿಯೇ, ಮೊದಲು ಹೆಸರಘಟ್ಟದಿಂದ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದ. ನೀರು ಹೊರುವ ಹಡಗಿಗೆ ಇದಕ್ಕಿಂತ ತಕ್ಕ ಹೆಸರು ನನಗೆ ಕಾಣಲಿಲ್ಲ.

ಈ ಉತ್ತರಗಳೇ ಆಕಾರವನ್ನು ಎಳೆದು ತರುತ್ತವೆ. ಸಿರಿಸ್ ಸೂರ್ಯನಿಂದ ಭೂಮಿಗಿಂತ ಸುಮಾರು 2.8 ಪಟ್ಟು ದೂರದಲ್ಲಿದೆ, ಅಲ್ಲಿ ಬಿಸಿಲು ನಮ್ಮಲ್ಲಿಯ ಎಂಟನೇ ಒಂದು ಭಾಗದಷ್ಟೇ. ಸೌರಫಲಕ ನಂಬಿದರೆ ಅವು ವಿಪರೀತ ದೊಡ್ಡದಾಗಬೇಕು. ಹಾಗಾಗಿ ಅಣುಸ್ಥಾವರ. ಸ್ಥಾವರ ಇದ್ದ ಮೇಲೆ ವಿಕಿರಣದಿಂದ ಜನರನ್ನು ದೂರ ಇಡಬೇಕು: ಸ್ಥಾವರ ಬಾಲದಲ್ಲಿ, ಜನ ಮೂತಿಯಲ್ಲಿ. ನೀರು ವಿಕಿರಣವನ್ನು ಚೆನ್ನಾಗಿ ತಡೆಯುವುದರಿಂದ ತೊಟ್ಟಿಗಳು ನಡುವೆ. ನಿರ್ವಾತದಲ್ಲಿ ಶಾಖ ಹೊರಹೋಗಲು ವಿಕಿರಣವೊಂದೇ ದಾರಿ, ಆದ್ದರಿಂದ ಬಾಲದ ಬಳಿ ಅಗಲವಾದ ರೇಡಿಯೇಟರ್ ಹಾಳೆಗಳು ಬೇಕೇ ಬೇಕು. ಇವನ್ನು ಒಂದಕ್ಕೊಂದು ಮುಖಾಮುಖಿಯಾಗಿ ಇಡಬೇಡಿ, ಒಂದರ ಶಾಖ ಇನ್ನೊಂದಕ್ಕೇ ತಗಲುತ್ತದೆ. ನೋಡಿ, ಒಂದೂ ಗೆರೆ ಎಳೆಯದೆ ಹಡಗಿನ ಅರ್ಧ ವಿನ್ಯಾಸ ಮುಗಿಯಿತು.

ಅಳತೆ

ಬ್ಲೆಂಡರ್‌ನಲ್ಲಿ ಒಂದು ಮಾನ ಎಂದರೆ ಒಂದು ಮೀಟರ್ ಎಂದೇ ಇಟ್ಟುಕೊಳ್ಳಿ. ದೃಶ್ಯದ ಮೂಲೆಯಲ್ಲಿ 1.7 ಮೀಟರ್ ಎತ್ತರದ ಒಂದು ಗೊಂಬೆ ಮತ್ತು 12 ಮೀಟರ್ ಉದ್ದದ ಬಸ್ಸಿನ ಗಾತ್ರದ ಒಂದು ಡಬ್ಬ ಸದಾ ಇರಲಿ. ಇಸ್ರೊದ ಎಲ್‌ವಿಎಂ3 ರಾಕೆಟ್‌ನ ಎತ್ತರ 43.5 ಮೀಟರ್, ಅಷ್ಟೆತ್ತರದ ಕಂಬವೂ ಒಂದಿದ್ದರೆ ಕೈಗೆ ಅಂದಾಜು ಸಿಗುತ್ತದೆ.

ಅರ್ಕಾವತಿಯ ಒಂದೊಂದು ತೊಟ್ಟಿಯೂ 12 ಮೀಟರ್ ಅಡ್ಡಗಲ, 30 ಮೀಟರ್ ಉದ್ದದ ಸಿಲಿಂಡರ್. ಲೆಕ್ಕ ಹಾಕಿದರೆ ಒಂದರ ಗಾತ್ರ ಸುಮಾರು 3,390 ಘನ ಮೀಟರ್. ಮೂರು ತೊಟ್ಟಿ ಸೇರಿ ಒಂದು ಕೋಟಿ ಲೀಟರಿಗೆ ತುಸು ಮೇಲೆ, ಅಂದರೆ 12,000 ಲೀಟರಿನ ಟ್ಯಾಂಕರ್ ಲಾರಿಗಳು ಸುಮಾರು 850. ಈ ಲೆಕ್ಕ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ ನಿಜ. ಆದರೆ ಹತ್ತು ಸಾವಿರ ಟನ್ ಹೊತ್ತ ಹಡಗು ಹೇಗೆ ತಿರುಗುತ್ತದೆ, ಅದರ ಕೊಂಡಿಗಳು ಎಷ್ಟು ದಪ್ಪ ಇರಬೇಕು ಎಂಬುದನ್ನು ಇದೇ ಹೇಳುತ್ತದೆ. ನೀರು ಹೆಪ್ಪುಗಟ್ಟಿದಾಗ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ, ತೊಟ್ಟಿ ಒಡೆಯದಿರಲು ಬಿಸಿ ಮಾಡುವ ಕೊಳವೆಗಳು ಸುತ್ತಲೂ ಬೇಕು. ಆ ಕೊಳವೆಗಳೇ ನನ್ನ ತೊಟ್ಟಿಯ ಮೈಮೇಲಿನ ಮುಖ್ಯ ಅಲಂಕಾರವಾದವು. ವಾಸದ ಭಾಗ, ಚೌಕಟ್ಟು, ಎಂಜಿನ್ ಸೇರಿ ಒಟ್ಟು ಉದ್ದ 140 ಮೀಟರ್, ಹೆಚ್ಚುಕಡಿಮೆ ನಮ್ಮ ಮೆಟ್ರೊದ ಆರು ಬೋಗಿಯ ರೈಲಿನಷ್ಟು.

ಬಾಗಿಲು ಎರಡು ಮೀಟರ್, ಕೈಹಿಡಿಯ ಸರಳು ಮೂರು ಸೆಂಟಿಮೀಟರ್ ದಪ್ಪ, ಕಿಟಕಿ ಒಂದಡಿ. ಇಂಥ ಮನುಷ್ಯರ ಅಳತೆಯ ವಸ್ತುಗಳನ್ನು ಹಡಗಿನ ಮೇಲೆ ಅಲ್ಲಲ್ಲಿ ಇಟ್ಟರೆ ಮಾತ್ರ ಅದು ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ಸಣ್ಣ ವಿಷಯ: ಕ್ಯಾಮೆರಾಗೆ ಎಷ್ಟು ದೂರದವರೆಗೆ ಕಾಣಬೇಕೆಂದು ಹೇಳುವ ಕ್ಲಿಪ್ ಎಂಡ್ ಮೌಲ್ಯ ಹಡಗಿನ ಉದ್ದಕ್ಕಿಂತ ಬಹಳ ಹೆಚ್ಚಿರಲಿ, ಇಲ್ಲದಿದ್ದರೆ ಬಾಲ ಕತ್ತರಿಸಿದಂತೆ ಮಾಯವಾಗುತ್ತದೆ.

ನೋಡಲು ಹೋಗಬೇಕಾದ ಜಾಗಗಳು

ಅಂತರ್ಜಾಲದಲ್ಲಿ ಇತರರು ಮಾಡಿದ ನೌಕೆಗಳ ಚಿತ್ರ ನೋಡಿ ನೌಕೆ ಮಾಡಿದರೆ ನಕಲಿನ ನಕಲು ಆಗುತ್ತದೆ. ನಿಜವಾದ ಯಂತ್ರ ನೋಡಿ. ಈ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು.

ಹಳೇ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ವಿಮಾನಗಳನ್ನೂ ಎಂಜಿನ್‌ಗಳನ್ನೂ ಹತ್ತಿರದಿಂದ ನೋಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನ ನಿಂತಿದೆ. 1961ರ ಜೂನ್ 17ರಂದು ಮೊದಲು ಹಾರಿದ ಈ ವಿಮಾನ ತಯಾರಾದದ್ದು ಇದೇ ಊರಿನಲ್ಲಿ. ವಿಮಾನದ ಮೈಮೇಲಿನ ಕೂಡುಗೆರೆಗಳನ್ನು ಗಮನಿಸಿ. ಅವು ಚದುರಂಗದ ಮನೆಗಳಂತೆ ಹರಡಿಕೊಂಡಿರುವುದಿಲ್ಲ. ಒಳಗಿನ ಪಕ್ಕೆಲುಬು ಎಲ್ಲಿದೆಯೋ ಅಲ್ಲಿ ತಗಡು ಕೂಡುತ್ತದೆ, ಅಲ್ಲಿ ರಿವೆಟ್ ಸಾಲು. ಮೆಕ್ಯಾನಿಕ್‌ನ ಕೈ ಒಳಹೋಗಬೇಕಾದ ಕಡೆ ಮಾತ್ರ ಸಣ್ಣ ಮುಚ್ಚಳ, ಅದರ ಸುತ್ತ ಒತ್ತೊತ್ತಾಗಿ ಸ್ಕ್ರೂ, ಮೂಲೆಗಳು ಯಾವಾಗಲೂ ದುಂಡು. ಚೂಪು ಮೂಲೆಯಲ್ಲಿ ಬಿರುಕು ಹುಟ್ಟುವುದೇ ಇದಕ್ಕೆ ಕಾರಣ. ಎರಡು ಮುಚ್ಚಳಗಳ ನಡುವೆ ದೊಡ್ಡ ಖಾಲಿ ಜಾಗ ಇರುತ್ತದೆ. ಆ ಖಾಲಿ ಜಾಗವನ್ನು ನಿಮ್ಮ ಹಡಗಿನಲ್ಲೂ ಧೈರ್ಯವಾಗಿ ಬಿಡಿ.

ಸಣ್ಣ ಬಿಡಿಭಾಗಗಳಿಗೆ ಎಸ್‌ಜೆಪಿ ರಸ್ತೆ ಮತ್ತು ಜೆ.ಸಿ. ರಸ್ತೆ. ಕವಾಟ, ಫ್ಲ್ಯಾಂಜ್, ಪೈಪಿನ ಕೊಂಡಿ, ಲಾರಿಯ ರೇಡಿಯೇಟರ್, ಫಿಲ್ಟರ್. ಅಂಗಡಿಯವರನ್ನು ಕೇಳಿಯೇ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ನೇರವಾಗಿ ಮುಂದಿನಿಂದ, ಬದಿಯಿಂದ, ಮೇಲಿನಿಂದ ತೆಗೆದರೆ ಮಾದರಿ ಮಾಡಲು ಸಾಕು. ನಾನು ಇಪ್ಪತ್ತು ರೂಪಾಯಿಯ ಹಳೆಯ ಹಿತ್ತಾಳೆ ಕೊಂಡಿಯೊಂದನ್ನು ಮನೆಗೇ ತಂದೆ. ಅರ್ಕಾವತಿಯ ನೀರು ತುಂಬುವ ಬಾಯಿ ಅದನ್ನೇ ನಲವತ್ತು ಪಟ್ಟು ದೊಡ್ಡದು ಮಾಡಿ ಕಟ್ಟಿದ್ದು.

ದೊಡ್ಡ ಆಕಾರದ ಬಗ್ಗೆ ಯೋಚಿಸುವಾಗ ಆರ್ಯಭಟದ ಚಿತ್ರವನ್ನೂ ಎದುರಿಗಿಟ್ಟುಕೊಳ್ಳಿ. ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿ 1975ರ ಏಪ್ರಿಲ್ 19ರಂದು ಹಾರಿಸಿದ 360 ಕಿಲೊ ತೂಕದ ಆ ಉಪಗ್ರಹಕ್ಕೆ 26 ಮುಖ. ಅಷ್ಟು ಮುಖ ಯಾಕೆಂದರೆ ಅದು ತಿರುಗುತ್ತಿದ್ದಾಗ ಯಾವ ಕಡೆಯಿಂದ ಬಿಸಿಲು ಬಿದ್ದರೂ ಸೌರಕೋಶಗಳಿಗೆ ಸಿಗಬೇಕಿತ್ತು. ಕಾರಣದಿಂದ ಹುಟ್ಟಿದ ಆಕಾರ ಐವತ್ತು ವರ್ಷ ಕಳೆದರೂ ಚೆಲುವಾಗಿಯೇ ಇದೆ.

ಆಕಾರ ಮತ್ತು ಮಾದರಿ

ದಪ್ಪ ಕಪ್ಪು ಪೆನ್ನಿನಿಂದ ಬೆಂಕಿಪೊಟ್ಟಣದ ಗಾತ್ರದಲ್ಲಿ ಇಪ್ಪತ್ತು ನೆರಳುಚಿತ್ರ ಬರೆಯಿರಿ. ಒಳಗಿನ ವಿವರ ಬೇಡ, ಹೊರಗೆರೆ ಸಾಕು. ಎರಡು ದಿನ ಬಿಟ್ಟು ನೋಡಿ. ಯಾವುದು ಎಂಜಿನ್, ಯಾವುದು ಸಾಮಾನು, ಯಾವುದು ಜನ ಎಂದು ಮನೆಯವರೂ ಗುರುತಿಸಬಲ್ಲ ಚಿತ್ರವನ್ನು ಉಳಿಸಿಕೊಳ್ಳಿ.

ಆಮೇಲೆ ಬ್ಲೆಂಡರ್‌ನಲ್ಲಿ ಬರೀ ಡಬ್ಬ ಮತ್ತು ಸಿಲಿಂಡರ್‌ಗಳಿಂದ ಇಡೀ ಹಡಗನ್ನು ಒಂದು ಸಂಜೆಯಲ್ಲಿ ನಿಲ್ಲಿಸಿ. ಕ್ಯಾಮೆರಾ ಇಟ್ಟು ನಾಲ್ಕು ಕೋನದಿಂದ ನೋಡಿ. ಇಲ್ಲಿ ಸಮಾಧಾನವಾಗದೆ ಮುಂದೆ ಹೋಗಬೇಡಿ, ಕೆಟ್ಟ ಆಕಾರವನ್ನು ಯಾವ ಟೆಕ್ಸ್ಚರೂ ಕಾಪಾಡುವುದಿಲ್ಲ.

ವಿವರಕ್ಕೆ ಇಳಿದಾಗ ಕನ್ನಡಿಯಂತೆ ಪ್ರತಿಬಿಂಬಿಸುವ ಮಿರರ್ ಮತ್ತು ಒಂದೇ ಭಾಗವನ್ನು ಸಾಲಾಗಿ ಜೋಡಿಸುವ ಅರೇ ಎಂಬ ಮಾಡಿಫೈಯರ್‌ಗಳು (ಮೂಲ ಆಕಾರವನ್ನು ಕೆಡಿಸದೆ ಬದಲಿಸುವ ಉಪಕರಣಗಳು) ನಿಮ್ಮ ಕೆಲಸವನ್ನು ಕಾಲುಭಾಗಕ್ಕೆ ಇಳಿಸುತ್ತವೆ. ಚೌಕಟ್ಟಿನ ಒಂದು ಅಂಕಣ ಮಾಡಿ ಅರೇ ಹಾಕಿದರೆ ಎಂಟು ಅಂಕಣ ಸಿಗುತ್ತದೆ. ಮಾಡಿಫೈಯರ್ ಹಾಕುವ ಮೊದಲು ಕಂಟ್ರೋಲ್ ಮತ್ತು ಎ ಒತ್ತಿ ಸ್ಕೇಲ್ ಅನ್ವಯಿಸಿ. ಇದನ್ನು ಮರೆತರೆ ಬೆವೆಲ್ (ಅಂಚನ್ನು ದುಂಡಗಾಗಿಸುವುದು) ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಬಂದು ಯಾಕೆಂದು ತಿಳಿಯದೆ ರಾತ್ರಿ ಕಳೆಯುತ್ತದೆ.

ಬೆವೆಲ್ ಬಗ್ಗೆ ಒಂದು ಮಾತು ಹೆಚ್ಚು. ಲೋಕದಲ್ಲಿ ಪೂರ್ತಿ ಚೂಪಾದ ಅಂಚು ಇಲ್ಲ. ಪ್ರತಿ ಅಂಚೂ ಸ್ವಲ್ಪವಾದರೂ ದುಂಡಾಗಿದ್ದು ಬೆಳಕಿನ ಸಣ್ಣ ಎಳೆಯೊಂದನ್ನು ಹಿಡಿಯುತ್ತದೆ. ಎಲ್ಲ ಅಂಚಿಗೂ ಎರಡು ಭಾಗದ ಬೆವೆಲ್ ಹಾಕಿ, ಚಪ್ಪಟೆ ಭಾಗದ ನೆರಳು ಕೆಡದಿರಲು ಹಾರ್ಡನ್ ನಾರ್ಮಲ್ಸ್ ಆಯ್ಕೆ ಮಾಡಿ. ಆದರೆ 140 ಮೀಟರಿನ ಹಡಗಿಗೆ ಅರ್ಧ ಮೀಟರಿನ ಬೆವೆಲ್ ಹಾಕಿದರೆ ಅದು ಆಟಿಕೆಯಾಗುತ್ತದೆ. ದೊಡ್ಡ ತಗಡಿಗೆ ಎರಡರಿಂದ ಐದು ಸೆಂಟಿಮೀಟರ್ ಸಾಕು.

ಕೊಳವೆ, ಪೆಟ್ಟಿಗೆ, ಕವಾಟದಂಥ ಸಣ್ಣ ವಿವರಗಳನ್ನು ಮೈತುಂಬ ಎರಚಬೇಡಿ. ಎರಡು ಭಾಗ ಕೂಡುವ ಕಡೆ, ಎಂಜಿನ್ ಬಳಿ, ನೀರು ತುಂಬುವ ಬಾಯಿಯ ಸುತ್ತ ಗುಂಪಾಗಿಡಿ. ಪ್ರತಿ ಕೊಳವೆಗೂ ಹೊರಡುವ ಜಾಗ ಮತ್ತು ಸೇರುವ ಜಾಗ ಇರಲಿ. ನಾನು ಪ್ರತಿ ಕೊಳವೆಗೂ ಮನಸ್ಸಿನಲ್ಲಿ ‘ಇದರೊಳಗೆ ಏನು ಹರಿಯುತ್ತದೆ’ ಎಂದು ಕೇಳುತ್ತೇನೆ. ಉತ್ತರ ಇಲ್ಲದ್ದನ್ನು ಅಳಿಸುತ್ತೇನೆ.

ಯುವಿ ಬಿಡಿಸುವುದು

ಯುವಿ ಎಂದರೆ ಹಡಗಿನ ಮೈಯ ಯಾವ ಬಿಂದುವಿಗೆ ಚಿತ್ರದ ಯಾವ ಬಿಂದು ಎಂದು ಹೇಳುವ ನಕ್ಷೆ. ಹೊಸಬರು ಹೆಚ್ಚು ಹೆದರುವ ಹಂತ ಇದು. ಹೆದರಬೇಕಾಗಿಲ್ಲ. ಹಲಸಿನ ಎಲೆಯ ಕೊಟ್ಟೆ ಕಡುಬು ತಿಂದ ಮೇಲೆ ಕೊಟ್ಟೆಯ ಕಡ್ಡಿ ಕಿತ್ತು ಎಲೆಗಳನ್ನು ಮತ್ತೆ ಚಪ್ಪಟೆಯಾಗಿ ಹರಡಿದ ಹಾಗೆ, ಹಡಗಿನ ಮೈಯನ್ನು ಹೊಲಿಗೆಯ ಗುಂಟ ಬಿಚ್ಚಿ ಸಮತಟ್ಟು ಮಾಡುತ್ತೀರಿ. ಹೊಲಿಗೆ ಎಲ್ಲಿ ಎಂದು ಹೇಳುವುದೇ ಮಾರ್ಕ್ ಸೀಮ್. ಸಿಲಿಂಡರಿಗೆ ಎರಡು ತುದಿಯ ವೃತ್ತ ಮತ್ತು ಕ್ಯಾಮೆರಾಗೆ ಕಾಣದ ಬದಿಯಲ್ಲಿ ಒಂದು ನೇರ ಗೆರೆ ಸಾಕು. ಚೌಕಟ್ಟಿನ ಸರಳುಗಳಂಥ ಚಿಲ್ಲರೆ ವಸ್ತುಗಳಿಗೆ ಸ್ಮಾರ್ಟ್ ಯುವಿ ಪ್ರಾಜೆಕ್ಟ್ ಒತ್ತಿ ಮುಂದೆ ಹೋಗಿ, ಅಲ್ಲಿ ಸಮಯ ಕಳೆಯುವುದು ವ್ಯರ್ಥ.

ಎಷ್ಟು ದೊಡ್ಡ ಟೆಕ್ಸ್ಚರ್ ಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ನಿಮ್ಮ ಅತಿ ಹತ್ತಿರದ ಶಾಟ್‌ನಲ್ಲಿ ಚಿತ್ರದ ಅಗಲಕ್ಕೆ ಹಡಗಿನ ಎಷ್ಟು ಮೀಟರ್ ಕಾಣುತ್ತದೆ ನೋಡಿ. ಫುಲ್ ಎಚ್‌ಡಿ ಚಿತ್ರದ ಅಗಲ 1920 ಪಿಕ್ಸೆಲ್. 20 ಮೀಟರ್ ಕಾಣುತ್ತಿದ್ದರೆ ಮೀಟರಿಗೆ 96 ಪಿಕ್ಸೆಲ್ ಬೇಕು. ನನ್ನ ತೊಟ್ಟಿಯ ಸುತ್ತಳತೆ 37.7 ಮೀಟರ್, ಉದ್ದ 30. ಮೀಟರಿಗೆ ನೂರು ಪಿಕ್ಸೆಲ್‌ನಂತೆ 3770 ಮತ್ತು 3000. ಹಾಗಾದರೆ 4096ರ ಒಂದು ಚೌಕದೊಳಗೆ ಇಡೀ ತೊಟ್ಟಿ ಕೂರುತ್ತದೆ. ಮೂರು ತೊಟ್ಟಿಗೂ ಅದೇ ಚಿತ್ರ. ಕವಾಟದ ಶಾಟ್‌ನಲ್ಲಿ ಮಾತ್ರ ಕ್ಯಾಮೆರಾ ನಾಲ್ಕು ಮೀಟರ್ ಅಗಲಕ್ಕೆ ಹತ್ತಿರ ಹೋಗುತ್ತದೆ, ಅಲ್ಲಿ ಮೀಟರಿಗೆ 480 ಬೇಕು, ಆದ್ದರಿಂದ ಕವಾಟಕ್ಕೆ ಅದರದೇ ಟೆಕ್ಸ್ಚರ್. ಎಲ್ಲಕ್ಕೂ 8192 ಹಾಕಿದರಾಯಿತು ಎಂದುಕೊಳ್ಳಬೇಡಿ. 4096ರ ಚಿತ್ರ ಮೆಮೊರಿಯಲ್ಲಿ 64 ಎಂಬಿ ತೆಗೆದುಕೊಂಡರೆ 8192ರದ್ದು 256 ಎಂಬಿ. ಬಣ್ಣ, ಒರಟುತನ, ಲೋಹ, ಉಬ್ಬುತಗ್ಗು ಎಂದು ಒಂದೊಂದು ಭಾಗಕ್ಕೆ ನಾಲ್ಕು ಚಿತ್ರ. ಆರು ಜಿಬಿಯ ಗ್ರಾಫಿಕ್ಸ್ ಕಾರ್ಡ್ ಬೇಗ ತುಂಬುತ್ತದೆ.

ಬಿಚ್ಚಿದ ಮೇಲೆ ಬ್ಲೆಂಡರ್‌ನ ಯುವಿ ಗ್ರಿಡ್ ಚಿತ್ರವನ್ನು ಹಡಗಿಗೆ ಹೊದಿಸಿ ನೋಡಿ. ಚೌಕಗಳು ಎಲ್ಲೆಡೆ ಚೌಕವಾಗಿಯೇ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಇದ್ದರೆ ಸರಿ. ಎಲ್ಲಾದರೂ ಹಿಗ್ಗಿದ್ದರೆ ಅಲ್ಲಿ ಇನ್ನೊಂದು ಹೊಲಿಗೆ ಬಿಚ್ಚಬೇಕು.

ಬಣ್ಣ, ಲೋಹ, ಒರಟುತನ

ಮೇಲ್ಮೈ ಬೆಳಕಿಗೆ ಹೇಗೆ ಕಾಣಬೇಕೆಂದು ಹೇಳುವುದು ಶೇಡರ್. ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್ ಎಂಬ ಒಂದೇ ಶೇಡರ್ ಸಾಕು. ಅದರಲ್ಲಿ ಮೂರು ಮೌಲ್ಯಗಳ ಮೇಲೆ ಗಮನವಿಡಿ.

ಬಣ್ಣವನ್ನು ವಿಪರೀತ ಕಡುವಾಗಿಸಬೇಡಿ. ಶುದ್ಧ ಕಪ್ಪು, ಶುದ್ಧ ಬಿಳಿ ಎರಡೂ ಲೋಕದಲ್ಲಿಲ್ಲ. ಒಳ್ಳೆಯ ಬಿಳಿ ಬಣ್ಣವೂ ಬಿದ್ದ ಬೆಳಕಿನ ಸುಮಾರು ಶೇ. 80ರಷ್ಟನ್ನೇ ಹಿಂದಿರುಗಿಸುತ್ತದೆ, ಇದ್ದಿಲು ಶೇ. 4ರಷ್ಟನ್ನಾದರೂ ಹಿಂದಿರುಗಿಸುತ್ತದೆ. ಲೋಹದ ಮೌಲ್ಯ ಸೊನ್ನೆ ಅಥವಾ ಒಂದು, ನಡುವೆ ಬೇಡ. ಬಣ್ಣ ಬಳಿದ ತಗಡು ಲೋಹವಲ್ಲ, ಬಣ್ಣ. ಅದು ಕಿತ್ತುಬಂದ ಜಾಗ ಮಾತ್ರ ಲೋಹ.

ನೋಡುವವನ ನಂಬಿಕೆ ಗಳಿಸುವುದು ಮೂರನೆಯದು, ಒರಟುತನ. ನನ್ನ ಅನುಭವದಲ್ಲಿ ಸಮಯದ ಅರ್ಧ ಇದಕ್ಕೇ ಹೋಗಬೇಕು. ಬಣ್ಣ ಒಂದೇ ಇದ್ದು ಒರಟುತನ ಮಾತ್ರ ಬದಲಾಗುವ ಮೇಲ್ಮೈ ಎಷ್ಟು ಜೀವಂತ ಎಂಬುದನ್ನು ಮನೆಯಲ್ಲೇ ನೋಡಬಹುದು. ಹಳೆಯ ಸ್ಟೀಲ್ ಬಿಂದಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹೊಟ್ಟೆಯ ಭಾಗ ಸೊಂಟಕ್ಕೆ ಉಜ್ಜಿ ಉಜ್ಜಿ ನುಣುಪು. ಕಂಠದ ಕೆಳಗೆ ಕೈ ಸೇರದ ಕಡೆ ಮಬ್ಬು. ತಳದಲ್ಲಿ ನೆಲ ಗೀಚಿದ ವೃತ್ತಾಕಾರದ ಸಣ್ಣ ಗೆರೆಗಳು. ಬಣ್ಣ ಎಲ್ಲೆಡೆ ಒಂದೇ. ವ್ಯತ್ಯಾಸ ಇರುವುದು ಬೆಳಕು ಚದುರುವ ರೀತಿಯಲ್ಲಿ. ಹಡಗಿನ ಪ್ರತಿ ತಗಡಿಗೂ 0.35ರಿಂದ 0.6ರ ನಡುವೆ ಸ್ವಲ್ಪ ಬೇರೆ ಬೇರೆ ಒರಟುತನ ಕೊಡಿ, ಅದರ ಮೇಲೆ ದೊಡ್ಡ ಗಾತ್ರದ ನಾಯ್ಸ್ (ಅಡ್ಡಾದಿಡ್ಡಿ ಕಲೆಗಳ ವಿನ್ಯಾಸ) ಒಂದನ್ನು ಬಹಳ ತೆಳುವಾಗಿ ಬೆರೆಸಿ. ಪ್ರತಿ ವಸ್ತುವಿಗೂ ಬೇರೆ ಅಂಕಿ ಕೊಡುವ ಆಬ್ಜೆಕ್ಟ್ ಇನ್ಫೊ ಎಂಬ ನೋಡ್‌ನ (ಶೇಡರಿನಲ್ಲಿ ಜೋಡಿಸುವ ಪೆಟ್ಟಿಗೆ) ರ‍್ಯಾಂಡಮ್ ಮೌಲ್ಯವನ್ನು ಬಣ್ಣಕ್ಕೂ ತುಸು ಜೋಡಿಸಿದರೆ ಒಂದೇ ಚಿತ್ರ ಹೊದ್ದ ಮೂರು ತೊಟ್ಟಿಗಳು ಮೂರು ಬೇರೆ ವರ್ಷಗಳಲ್ಲಿ ಬಣ್ಣ ಕಂಡಂತೆ ಕಾಣುತ್ತವೆ.

ಉಪಗ್ರಹಗಳ ಚಿನ್ನದ ಬಣ್ಣದ ಹೊದಿಕೆ ನೋಡಿರುತ್ತೀರಿ. ಅದು ಚಿನ್ನವಲ್ಲ. ಹಳದಿ ಬಣ್ಣದ ಪಾರಕ ಪ್ಲಾಸ್ಟಿಕ್ ಪದರದ ಹಿಂದೆ ಅಲ್ಯೂಮಿನಿಯಂ ಲೇಪ. ಇಂಥ ಹಲವು ಪದರ ಸೇರಿ ಶಾಖವನ್ನು ತಡೆಯುತ್ತವೆ. ಹೊಲಿದ ಕೌದಿಯಂತೆ ಸುಕ್ಕುಗಟ್ಟಿರುತ್ತದೆ. ಅರ್ಕಾವತಿಯಲ್ಲಿ ಇದನ್ನು ತೊಟ್ಟಿಗಳ ಎರಡು ತುದಿಗೆ ಮಾತ್ರ ಹಾಕಿದೆ. ಲೋಹ 1, ಒರಟುತನ 0.2, ಬಣ್ಣ ಕಿತ್ತಳೆ ಮಿಶ್ರಿತ ಹಳದಿ, ಸುಕ್ಕಿಗೆ ಕೋಶಗಳಂಥ ವಿನ್ಯಾಸದ ವೊರೊನಾಯ್ ಟೆಕ್ಸ್ಚರ್ ಅನ್ನು ಉಬ್ಬುತಗ್ಗು ತೋರಿಸುವ ಬಂಪ್ ನೋಡ್ ಮೂಲಕ ಕೊಟ್ಟೆ.

ಹೊರಗಿನಿಂದ ಟೆಕ್ಸ್ಚರ್ ಬೇಕಿದ್ದರೆ ಪಾಲಿ ಹೇವನ್ ಮತ್ತು ಆಂಬಿಯೆಂಟ್ ಸಿಜಿ ತಾಣಗಳಲ್ಲಿ ಹಕ್ಕಿನ ತಕರಾರಿಲ್ಲದೆ ಸಿಗುತ್ತವೆ. ತರುವಾಗ ಬಣ್ಣದ ಚಿತ್ರವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಕಲರ್ ಸ್ಪೇಸ್ ‘ನಾನ್-ಕಲರ್’ ಎಂದು ಬದಲಿಸಿ. ಉಬ್ಬುತಗ್ಗು ಹೇಳುವ ನಾರ್ಮಲ್ ಚಿತ್ರದಲ್ಲಿ ಓಪನ್‌ಜಿಎಲ್, ಡೈರೆಕ್ಟ್ಎಕ್ಸ್ ಎಂದು ಎರಡು ಬಗೆ ಕಂಡರೆ ಬ್ಲೆಂಡರಿಗೆ ಓಪನ್‌ಜಿಎಲ್ ಆರಿಸಿ. ಇನ್ನೊಂದನ್ನು ಹಾಕಿದರೆ ರಿವೆಟ್‌ಗಳು ಉಬ್ಬುವ ಬದಲು ಕುಳಿಗಳಾಗುತ್ತವೆ.

ಹಡಗಿನ ಮೇಲೆ ಕನ್ನಡ

ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ನೌಕೆಯ ಮೇಲಿನ ಬರಹ ಇಂಗ್ಲಿಷಿನಲ್ಲೇ ಇರಬೇಕೆಂದು ಯಾರೂ ವಿಧಿಸಿಲ್ಲ. ಕನ್ನಡದ ದುಂಡು ಅಕ್ಷರಗಳು ಸಿಲಿಂಡರಿನ ಮೈಮೇಲೆ ಎಷ್ಟು ಚೆನ್ನಾಗಿ ಕೂರುತ್ತವೆ ಎಂಬುದನ್ನು ಒಮ್ಮೆ ಹಾಕಿ ನೋಡಿದವರು ಬಿಡುವುದಿಲ್ಲ.

ಆದರೆ ಇಲ್ಲೊಂದು ತೊಡಕಿದೆ. ಬ್ಲೆಂಡರ್‌ನ ಟೆಕ್ಸ್ಟ್ ವಸ್ತುವಿನಲ್ಲಿ ‘ಅರ್ಕಾವತಿ’ ಎಂದು ಬರೆದಾಗ, ನಾನು ಬಳಸಿದ ಆವೃತ್ತಿಗಳಲ್ಲಿ ಅರ್ಕಾವತ್ತು ಮೂಡಲಿಲ್ಲ. ರಕಾರ, ಹಲಂತದ ಕೊಂಡಿ, ಕಕಾರ ಮೂರೂ ಬಿಡಿಬಿಡಿಯಾಗಿ ನಿಂತವು. ಒತ್ತಕ್ಷರಗಳ ಕಥೆಯೂ ಅದೇ. ಆದ್ದರಿಂದ ಬರಹವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಅಲ್ಲಿ ಕನ್ನಡ ಸರಿಯಾಗಿ ಕೂಡುತ್ತದೆ. ನೋಟೊ ಸಾನ್ಸ್ ಕನ್ನಡ ಎಚ್ಚರಿಕೆ ಫಲಕಗಳಿಗೆ ಚೆನ್ನ. ದಪ್ಪಗೆ, ಗುಂಡಗೆ ಹೆಸರು ಬರೆಯಲು ಬಲೂ ತಮ್ಮ. ಹಳೆಯ ಕಡತದಿಂದ ಪಠ್ಯ ನಕಲು ಮಾಡುವುದಾದರೆ ಅದು ಯುನಿಕೋಡ್‌ನಲ್ಲಿದೆಯೇ ನೋಡಿಕೊಳ್ಳಿ. ಬರೆದ ಮೇಲೆ ಪಾತ್ ಮೆನುವಿನ ‘ಆಬ್ಜೆಕ್ಟ್ ಟು ಪಾತ್’ ಒತ್ತಿದರೆ ಅಕ್ಷರ ಗೆರೆಯಾಗಿ ಬದಲಾಗುತ್ತದೆ, ಇನ್ನು ಯಾವ ಫಾಂಟಿನ ಹಂಗೂ ಇಲ್ಲ. ಎಸ್‌ವಿಜಿ ಆಗಿ ಉಳಿಸಿ ಬ್ಲೆಂಡರಿಗೆ ತರಬಹುದು, ಅಥವಾ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಮಾಡಬಹುದು.

ಈಗ ಒಂದು ಸೂಕ್ಷ್ಮ. ಯಂತ್ರಗಳ ಮೇಲಿನ ಬರಹವನ್ನು ಹೆಚ್ಚಾಗಿ ಕೊರೆದ ತಗಡಿಟ್ಟು ಬಣ್ಣ ಸಿಂಪಡಿಸಿ ಮಾಡುತ್ತಾರೆ. ರೈಲು ಬೋಗಿಯ ತುದಿಯಲ್ಲಿ ತೂಕ, ಮುಂದಿನ ದುರಸ್ತಿಯ ತಾರೀಖು ಬರೆದಿರುವುದನ್ನು ಯಶವಂತಪುರ ನಿಲ್ದಾಣದಲ್ಲಿ ನಿಂತು ನೋಡಿ. ಹೀಗೆ ತಗಡು ಕೊರೆಯುವಾಗ ‘ಠ’, ‘ರ’, ಅನುಸ್ವಾರದ ಸೊನ್ನೆಯಂಥ ಮುಚ್ಚಿದ ಹೊಟ್ಟೆಯ ಅಕ್ಷರಗಳ ಒಳಗಿನ ತುಂಡು ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಸಣ್ಣ ಸೇತುವೆ ಬೇಕು. ಇಂಗ್ಲಿಷಿಗೆ ಇಂಥ ಸಿದ್ಧ ಫಾಂಟುಗಳು ಬೇಕಾದಷ್ಟಿವೆ. ಕನ್ನಡಕ್ಕೆ ನಾನೇ ಕೂತು ಮಾಡಿದೆ. ಇಂಕ್‌ಸ್ಕೇಪ್‌ನಲ್ಲಿ ಅಕ್ಷರದ ಮೇಲೆ ಸಣ್ಣ ಆಯತ ಇಟ್ಟು ‘ಡಿಫರೆನ್ಸ್’ ಒತ್ತಿದರೆ ಸೇತುವೆ ಸಿದ್ಧ. ಸೇತುವೆಯನ್ನು ತಲೆಕಟ್ಟಿನ ಬಳಿ ಇಡಬೇಡಿ, ಓದುವ ಕಣ್ಣು ಮೊದಲು ಹುಡುಕುವುದು ತಲೆಕಟ್ಟನ್ನೇ. ಹೊಟ್ಟೆಯ ಕೆಳಬದಿಯಲ್ಲಿ ಇಟ್ಟರೆ ಅಕ್ಷರ ಕೆಡುವುದಿಲ್ಲ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಫಲಕದ ಎತ್ತರದಲ್ಲಿ ಮೂರನೇ ಒಂದು ಭಾಗ ಅದಕ್ಕೆಂದೇ ಬಿಡಿ.

ಬರಹಕ್ಕೂ ಕೆಲಸ ಇರಲಿ. ನನ್ನ ಹಡಗಿನ ಮೇಲೆ ‘ತುರ್ತು ದ್ವಾರ’, ‘ಮೊದಲು ಒತ್ತಡ ಇಳಿಸಿ’, ‘ತೊಟ್ಟಿ ೨’, ‘ಇಲ್ಲಿ ಕಾಲಿಡಬೇಡಿ’ ಎಂದಿದೆ. ತುಂಬುವ ಬಾಯಿಯ ಮೇಲೆ ‘ಕುಡಿಯುವ ನೀರು’. ಅಂಕಿಗಳೂ ಕನ್ನಡದವು.

ಹಾಕುವುದು ಸುಲಭ: ಬರಹದ ಚಿತ್ರವಿರುವ ತೆಳು ಹಾಳೆಯೊಂದನ್ನು ಹಡಗಿನ ಮೈಯಿಂದ ಒಂದು ಸೆಂಟಿಮೀಟರ್ ಮೇಲಿಟ್ಟು ಶ್ರಿಂಕ್‌ರ‍್ಯಾಪ್ ಮಾಡಿಫೈಯರ್‌ನಿಂದ ಬಾಗಿಸಿ. ಹಾಳೆಯಲ್ಲಿ ಸಾಕಷ್ಟು ಅಡ್ಡಗೆರೆಗಳಿದ್ದರೆ ಮಾತ್ರ ಅದು ಸರಿಯಾಗಿ ಬಾಗುತ್ತದೆ.

ಕೊಳೆ ಹಾಕುವ ಮೊದಲು ಬೆಳಕು

ಅನೇಕರು ಬೆಳಕನ್ನು ಕೊನೆಗೆ ಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಒರಟುತನ ಕಾಣುವುದೇ ಬೆಳಕಿನಿಂದ, ಹಾಗಾಗಿ ಸವೆತ ಬಳಿಯುವ ಮೊದಲು ಅಂತಿಮ ಬೆಳಕು ಸಿದ್ಧವಿರಬೇಕು. ಒಂದು ಸೂರ್ಯದೀಪ, ಕೋನ 0.53 ಡಿಗ್ರಿ, ಭೂಮಿಯಿಂದ ಸೂರ್ಯ ಕಾಣುವ ಅಗಲ ಅಷ್ಟೇ. ಗಾಳಿಯಿಲ್ಲದ ಕಡೆ ಬೆಳಕು ಚದುರುವುದಿಲ್ಲ, ನೆರಳು ಕಡುಗಪ್ಪು. ಭೂಮಿಯ ಹತ್ತಿರದ ದೃಶ್ಯವಾದರೆ ಕೆಳಗಿನಿಂದ ಅಗಲವಾದ, ಮೆಲುವಾದ ನೀಲಿ ಬೆಳಕನ್ನು ಸೇರಿಸಿ. ಸ್ಟುಡಿಯೊದಲ್ಲಿಟ್ಟಂತೆ ನಾಲ್ಕು ಕಡೆಯಿಂದ ದೀಪ ಹಾಕಿದರೆ ಅಂತರಿಕ್ಷ ಹೋಗಿ ಪ್ರದರ್ಶನದ ಮಳಿಗೆಯಾಗುತ್ತದೆ.

ಮೂವತ್ತು ವರ್ಷದ ಸವೆತ

ನನ್ನ ಮೊದಲ ಹಡಗಿಗೆ ಕಂಡಕಂಡಲ್ಲಿ ತುಕ್ಕು ಬಳಿದಿದ್ದೆ, ಮಳೆನೀರು ಇಳಿದಂಥ ಜಾಡುಗಳನ್ನೂ ಎಳೆದಿದ್ದೆ. ಎರಡೂ ತಪ್ಪು. ತುಕ್ಕಿಗೆ ಆಮ್ಲಜನಕ ಮತ್ತು ತೇವ ಬೇಕು, ನಿರ್ವಾತದಲ್ಲಿ ಎರಡೂ ಇಲ್ಲ. ಅಲ್ಲಿ ಮೇಲೆ ಕೆಳಗೆ ಎಂಬುದಿಲ್ಲವಾದ್ದರಿಂದ ಯಾವುದೂ ಕೆಳಕ್ಕೆ ಇಳಿಯುವುದಿಲ್ಲ.

ಹಾಗಾದರೆ ಅಂತರಿಕ್ಷದಲ್ಲಿ ಹಡಗು ಹೇಗೆ ಹಳತಾಗುತ್ತದೆ? ಸೂರ್ಯನ ಅತಿನೇರಳೆ ಕಿರಣಕ್ಕೆ ಬಿಳಿ ಬಣ್ಣ ನಿಧಾನವಾಗಿ ಹಳದಿಯಾಗುತ್ತದೆ. ಬಿಸಿಲಿಗೆ ಹೆಚ್ಚು ತೆರೆದ ಬದಿ ಹೆಚ್ಚು ಹಳದಿ, ರೇಡಿಯೇಟರ್‌ನ ನೆರಳು ಬೀಳುವ ಕಡೆ ಇನ್ನೂ ಬಿಳಿ. ಭೂಮಿಗೆ ಹತ್ತಿರದ ಕಕ್ಷೆಗಳಲ್ಲಿ ಪರಮಾಣು ಆಮ್ಲಜನಕ ಪ್ಲಾಸ್ಟಿಕ್ ಹೊದಿಕೆಯನ್ನು ಸವೆಸಿ ಮಬ್ಬಾಗಿಸುತ್ತದೆ. ಸಣ್ಣ ಉಲ್ಕಾಕಣಗಳು ಮುಂಬದಿಯಲ್ಲಿ ಚುಕ್ಕೆಗುಳಿಗಳನ್ನು ಮಾಡುತ್ತವೆ. ದಿಕ್ಕು ಬದಲಿಸುವ ಸಣ್ಣ ರಾಕೆಟ್‌ಗಳ ಮುಂದಿನ ತಗಡಿನ ಮೇಲೆ ಬೀಸಣಿಗೆಯಾಕಾರದ ಕಲೆ. ಸಿರಿಸ್‌ನ ನೆಲ ಇದ್ದಿಲಿನಂತೆ ಕಪ್ಪಗಿರುವುದರಿಂದ ಇಳಿಗಾಲುಗಳಿಗೂ ತುಂಬುವ ಬಾಯಿಗೂ ಕಪ್ಪು ದೂಳು. ಬೇರೆ ಹಡಗು ಬಂದು ಕೂಡುವ ಬಾಗಿಲಿನ ಸುತ್ತ ಗೀರುಗಳು, ಎಲ್ಲವೂ ಬಾಗಿಲಿನ ನಡುಬಿಂದುವಿನ ಕಡೆ ಮುಖ ಮಾಡಿದವು. ಕೈಹಿಡಿಯ ಸರಳುಗಳ ನಡುಭಾಗದಲ್ಲಿ ಬಣ್ಣ ಸವೆದು ಲೋಹ ಹೊಳೆಯುತ್ತದೆ, ಟ್ಯಾಂಕರ್ ಏಣಿಯ ಮೆಟ್ಟಿಲಿನ ಹಾಗೆಯೇ.

ಅಂಚಿನ ಸವೆತಕ್ಕೆ, ಬ್ಲೆಂಡರ್‌ನಲ್ಲಿ ಅಂತಿಮ ಚಿತ್ರ ತಯಾರಿಸುವ (ರೆಂಡರ್ ಮಾಡುವ) ಸೈಕಲ್ಸ್‌ನಲ್ಲಿ, ಅಂಚುಗಳನ್ನು ಗುರುತಿಸುವ ಜಿಯೊಮೆಟ್ರಿ ನೋಡ್‌ನ ಪಾಯಿಂಟಿನೆಸ್ ಇದೆ, ಮೂಲೆಯ ದೂಳಿಗೆ ಸಂದುಗಳನ್ನು ಗುರುತಿಸುವ ಆಂಬಿಯೆಂಟ್ ಅಕ್ಲೂಷನ್. ಇವೆರಡೂ ಒಳ್ಳೆಯ ಆಳುಗಳು, ಕೆಟ್ಟ ಯಜಮಾನರು: ಎಲ್ಲ ಅಂಚನ್ನೂ ಒಂದೇ ಸಮನೆ ಸವೆಸುತ್ತವೆ. ಆದ್ದರಿಂದ ಅವುಗಳ ಫಲಿತಾಂಶವನ್ನು ಕೈಯಿಂದ ಬಳಿದ ಕಪ್ಪುಬಿಳುಪು ಚಿತ್ರದಿಂದ ಗುಣಿಸಿ. ಜನ ಓಡಾಡುವ, ಸಾಮಾನು ತಾಗುವ ಕಡೆ ಬಿಳಿ, ಉಳಿದೆಡೆ ಕಪ್ಪು. ಆ ಚಿತ್ರ ಬಳಿಯುವಾಗ ಮೊದಲ ದಿನದ ಹಾಳೆಯನ್ನು ಮತ್ತೆ ಓದಿ. ಮೂವತ್ತು ವರ್ಷದಲ್ಲಿ ಒಂದೆರಡು ತಗಡನ್ನು ಬದಲಿಸಿಯೂ ಇರುತ್ತಾರೆ, ಅವು ಹೊಸದಾಗಿ, ಬಿಳಿಯಾಗಿ ಎದ್ದು ಕಾಣಲಿ. ಅಂಥ ಎರಡು ತಗಡುಗಳು ನೂರು ಗೀರುಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಇನ್ನು ಕವಾಟ. ಬೀದಿಯ ಟ್ಯಾಂಕರ್‌ನಲ್ಲಿ ಸದಾ ಸೋರುವ ಜಾಗ ಅದು. ಅರ್ಕಾವತಿಯಲ್ಲೂ ಸ್ವಲ್ಪ ಸೋರಲಿ. ನಿರ್ವಾತದಲ್ಲಿ ಸೋರಿದ ನೀರಿನ ಒಂದಿಷ್ಟು ಕುದಿದು ಆವಿಯಾಗುತ್ತದೆ, ಉಳಿದದ್ದು ಅದೇ ಕ್ಷಣ ಹೆಪ್ಪುಗಟ್ಟುತ್ತದೆ. ಬಿಸಿಲು ಬಿದ್ದ ಕಡೆಯ ಮಂಜು ಕಾಲಕ್ರಮದಲ್ಲಿ ನೇರ ಆವಿಯಾಗಿ ಹೋಗುತ್ತದೆ, ನೆರಳಿನಲ್ಲಿದ್ದದ್ದು ಬಹುಕಾಲ ಉಳಿಯುತ್ತದೆ. ಹಾಗಾಗಿ ಕವಾಟದ ಸುತ್ತ, ಸೂರ್ಯನಿಗೆ ಬೆನ್ನು ಮಾಡಿದ ಬದಿಯಲ್ಲಿ ಮಾತ್ರ, ಅಂಗೈಯಗಲದ ಬದಲು ಮೀಟರ್ ಅಗಲ ಬಿಳಿಯ ಹೊದ್ದಿಕೆ ಹಾಕಿದೆ: ಒರಟುತನ 0.7, ತುಸು ಸಬ್‌ಸರ್ಫೇಸ್ (ಬೆಳಕು ಒಳಹೊಕ್ಕು ಹರಡುವುದು), ಅಂಚಿನಲ್ಲಿ ನಾಯ್ಸ್‌ನಿಂದ ಹರಕುಹರಕು. ಇಡೀ ಹಡಗಿನಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿದ ಜಾಗ ಇದು.

ಚಲನೆ ಮತ್ತು ರೆಂಡರ್

ಬ್ಲೆಂಡರ್ ತಾನಾಗಿ ಹಾಕುವ ಚಲನೆ ನಿಧಾನವಾಗಿ ಶುರುವಾಗಿ, ನಡುವೆ ವೇಗವಾಗಿ, ಮತ್ತೆ ನಿಧಾನವಾಗುತ್ತದೆ. ಕಾರಿಗೆ ಸರಿ, ಹಡಗಿಗಲ್ಲ. ರಾಕೆಟ್ ಉರಿದಾಗ ಮಾತ್ರ ವೇಗ ಬದಲಾಗುತ್ತದೆ. ಉಳಿದ ಹೊತ್ತು ಒಂದೇ ಗತಿ. ಗ್ರಾಫ್ ಎಡಿಟರ್‌ನಲ್ಲಿ ನಡುಭಾಗವನ್ನು ಸರಳರೇಖೆ ಮಾಡಿ, ಎರಡು ತುದಿಯಲ್ಲಿ ಸಣ್ಣ ಬಾಗು ಬಿಡಿ, ನಿಲ್ಲಿಸುವಾಗ ಎದುರು ದಿಕ್ಕಿನ ರಾಕೆಟ್ ಉರಿಯಲಿ. ಹಡಗು ತಿರುಗುವುದು ತೂಕದ ಕೇಂದ್ರದ ಸುತ್ತ, ಅಂದರೆ ನಡು ತೊಟ್ಟಿಯ ಸುತ್ತ, ಒರಿಜಿನ್ (ವಸ್ತು ತಿರುಗುವ ಬಿಂದು) ಅಲ್ಲಿರಲಿ.

ನೇರವಾಗಿ ವಿಡಿಯೊ ಕಡತಕ್ಕೆ ರೆಂಡರ್ ಮಾಡಲೇಬೇಡಿ. ಸೆಕೆಂಡಿಗೆ 24 ಚೌಕಟ್ಟಿನಂತೆ, ಅಂದರೆ ಫ್ರೇಮಿನಂತೆ, ಹತ್ತು ಸೆಕೆಂಡಿಗೆ 240 ಚೌಕಟ್ಟು, ಒಂದಕ್ಕೆ ಮೂರು ನಿಮಿಷವಾದರೂ ಹನ್ನೆರಡು ಗಂಟೆ. ಮೇ ತಿಂಗಳ ಗುಡುಗುಮಳೆಯ ಸಂಜೆ ಹನ್ನೊಂದನೇ ಗಂಟೆಯಲ್ಲಿ ಕರೆಂಟು ಹೋಗಿ ನನ್ನ ವಿಡಿಯೊ ಕಡತ ಪೂರ್ತಿ ಹಾಳಾಗಿದೆ. ಪಿಎನ್‌ಜಿ ಚಿತ್ರಗಳ ಸಾಲಾಗಿ ಉಳಿಸಿ, ಔಟ್‌ಪುಟ್‌ನಲ್ಲಿ ‘ಓವರ್‌ರೈಟ್’ ಗುರುತನ್ನು ತೆಗೆಯಿರಿ. ಕರೆಂಟು ಬಂದ ಮೇಲೆ ಮತ್ತೆ ಶುರು ಮಾಡಿದರೆ ಆಗಿರುವ ಚೌಕಟ್ಟುಗಳನ್ನು ಬಿಟ್ಟು ಮುಂದಿನದರಿಂದ ಹೊರಡುತ್ತದೆ. ಕಡಿತದ ಕ್ಷಣದಲ್ಲಿ ಅರ್ಧ ಬರೆದ ಕೊನೆಯ ಕಡತವೊಂದಿದ್ದರೆ ಅದನ್ನು ಅಳಿಸಿ ಶುರು ಮಾಡಿ. ಚಿತ್ರದ ಕಾಳುಕಾಳನ್ನು ಅಳಿಸುವ ಡಿನಾಯ್ಸ್ ಹಾಕಿದರೆ ಪ್ರತಿ ಪಿಕ್ಸೆಲ್‌ಗೆ 200 ಸ್ಯಾಂಪಲ್‌ಗೂ (ಬೆಳಕಿನ ಲೆಕ್ಕಗಳಿಗೂ) ಕೆಲಸ ನಡೆಯುತ್ತದೆ, ಆದರೆ ಸಣ್ಣ ಬರಹ ಮಸುಕಾಗುತ್ತಿದೆಯೇ ಎಂದು ಒಂದು ಚೌಕಟ್ಟಿನಲ್ಲಿ ಪರೀಕ್ಷಿಸಿಕೊಳ್ಳಿ.

ಇಡೀ ರೆಂಡರ್ ಶುರು ಮಾಡುವ ಮೊದಲು ಕಡಿಮೆ ಗುಣಮಟ್ಟದಲ್ಲಿ ಒಮ್ಮೆ ಓಡಿಸಿ, ಕ್ಯಾಮೆರಾ ಹೆಸರಿನ ಮೇಲೆ ಹಾದುಹೋಗುವ ಜಾಗದಲ್ಲಿ ಚೌಕಟ್ಟುಗಳನ್ನು ಎಣಿಸಿ. ಅರ್ಕಾವತ್ತು ಸಹಿತ ‘ಅರ್ಕಾವತಿ’ ಕನಿಷ್ಠ 48 ಚೌಕಟ್ಟು, ಅಂದರೆ ಎರಡು ಸೆಕೆಂಡು ಪೂರ್ತಿ ಬಿಸಿಲಿನಲ್ಲಿ ಕಾಣಬೇಕು. ನನ್ನದು 31ಕ್ಕೇ ನೆರಳಿಗೆ ಸರಿಯುತ್ತಿತ್ತು. ಸೂರ್ಯನನ್ನು ಏಳು ಡಿಗ್ರಿ ತಿರುಗಿಸಿದೆ.